ಎಡಗೈ ಮೇಜಿಗೆ ತಾಗಿದರೆ

ಹೋದ ವಾರ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಹಳೆಯ ಕಚೇರಿಯ ಅಟೆಂಡರ್ ಸಿಕ್ಕಿದ. ಅವನೂ ನನ್ನ ಹಾಗೆ ನಿವೃತ್ತ. ಎಲ್ಲಿಗೂ ಹೋಗಲಿಕ್ಕಿಲ್ಲದಿದ್ದರೂ ದಿನಾ ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲುವವರ ಗುಂಪಿಗೆ ಸೇರಿದ್ದಾನೆ. ಕಾಫಿ ಕುಡಿಯುತ್ತ ಅವರಿವರ ಸುದ್ದಿಯೆಲ್ಲ ಮುಗಿದ ಮೇಲೆ, "ನಮ್ಮ ಮೇಡಂ ಆಟ ಬಿಟ್ರಂತಲ್ಲ ಸರ್, ಗೊತ್ತಾಯ್ತಾ?" ಎಂದ. ನನಗೆ ಗೊತ್ತಿರಲಿಲ್ಲ. ಕಚೇರಿಯಲ್ಲಿ ನಾಲ್ಕೈದು ಮೇಡಂಗಳಿದ್ದರೂ ನಮ್ಮ ಮೇಡಂ ಎಂದರೆ ಒಬ್ಬರೇ. ಸೋತ ಎಡಗಾಲಿಗೆ ಆಸರೆಯಾಗಿ ತೊಡೆಯವರೆಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ಹದಿನೈದು ವರ್ಷ ಪ್ಯಾರಾ ಟೇಬಲ್ ಟೆನ್ನಿಸ್ ಆಡಿದವರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ, "ಎಂತಕ್ಕೆ ಸರ್ ಇವೆಲ್ಲ?" ಎಂದು ಒಂದು ನೋಟ ನೋಡುತ್ತಾರೆ. ಆ ನೋಟ ನನಗೆ ಬೇಡ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಫೋನ್ ಮಾಡಿ ಕೇಳಿ. ಇಲ್ದಿದ್ರೆ ನಿಮಗೆ ಉಂಡಿದ್ದು ಮೈಗೆ ಹತ್ತಲ್ಲ" ಎಂದಳು. ನನ್ನ ಕುತೂಹಲದ ಕಥೆ ಅವಳಿಗೆ ಗೊತ್ತು. ಬಸ್ಸಿನಲ್ಲಿ ಪಕ್ಕದವರು ಓದುವ ಪತ್ರವನ್ನೂ ಓದಿ ಮುಗಿಸಿಯೇ ಇಳಿಯುವವನು ನಾನು. ಆದರೂ ಆ ಫೋನ್ ಮಾಡಲು ನನಗೆ ಎರಡು ದಿನ ಹಿಡಿಯಿತು. ಅವರಿಗೆ ಒಂದು ಸುಳ್ಳು ಹೇಳಿದ್ದೆ, ಅದನ್ನು ತಿದ್ದಿರಲಿಲ್ಲ. ಅದೇನು ಎಂದು ಹೇಳಬೇಕಾದರೆ ಮೊದಲಿನಿಂದ ಬರಬೇಕು.

ಆಗ ನಾನು ಹೊಸನಗರದಲ್ಲಿ ಗುಮಾಸ್ತ. ದಿನಾ ಸಾಗರದಿಂದ ಬಸ್ಸು. ಯಾವ ಇಲಾಖೆ ಎಂದು ಕೇಳಬೇಡಿ. ಅಲ್ಲಿ ಟೇಬಲ್ ಟೆನ್ನಿಸ್ ಆಡುತ್ತಿದ್ದರು ಎಂದರೆ, ಕೆಲಸ ಯಾವಾಗ ಮಾಡುತ್ತಿದ್ದರು ಎಂದು ಯಾರಾದರೂ ಅರ್ಜಿ ಹಾಕಿಯಾರು. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಿಂದ ಈ ಮೇಡಂ ಹೊಸದಾಗಿ ಕೆಲಸಕ್ಕೆ ಸೇರಿದರು. ಇಪ್ಪತ್ತೈದು ಇಪ್ಪತ್ತಾರರ ವಯಸ್ಸು. ಅವರ ಅಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆ ಅಪ್ಪನ ಕಾಲಕ್ಕೆ ಸ್ವಂತದ್ದಾಗಿತ್ತು. ಅಪ್ಪ ಮಗಳಿಗೆ ಹೇಳಿದ್ದು ಒಂದೇ ಮಾತಂತೆ: "ನಿಂತ್ಕಂಡು ಮಾಡೋ ಕೆಲ್ಸ ನಮ್ಮ ತಲೆಗೇ ಮುಗೀಲಿ, ನೀನು ಕೂತ್ಕಂಡು ಮಾಡೋದು ಹಿಡಿ." ಮಗಳು ಅಪ್ಪನ ಮಾತು ಮೀರಲಿಲ್ಲ. ಹತ್ತರಿಂದ ಐದೂವರೆವರೆಗೆ ಕೂರುತ್ತಿದ್ದರು, ಐದೂವರೆಯಿಂದ ನಿಲ್ಲುತ್ತಿದ್ದರು.

ಬಂದ ಮೂರನೇ ದಿನವೇ ನಮಗೆಲ್ಲ ನಾಚಿಕೆಯಾಗುವ ಒಂದು ಸಂಗತಿಯನ್ನು ಪತ್ತೆ ಮಾಡಿದರು. ಕಚೇರಿಯ ಹಿಂದಿನ ಹಾಲಿನಲ್ಲಿ ದೊಡ್ಡದೊಂದು ಮೇಜಿತ್ತು. ಅರ್ಧ ಮೇಜಿನ ಮೇಲೆ ಹಳೆಯ ಕಡತಗಳ ಗಂಟು, ಇನ್ನರ್ಧಕ್ಕೆ ರೆಕ್ಸಿನ್ ಹಾಸಿ ನಾವೆಲ್ಲ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದೆವು. ಮೇಡಂ ಊಟ ಮುಗಿಸಿ ಮೇಜು ಒರೆಸುವಾಗ ರೆಕ್ಸಿನ್ ಸ್ವಲ್ಪ ಎತ್ತಿ ನೋಡಿ, "ಸರ್, ಇದು ಊಟದ ಮೇಜಲ್ಲ" ಎಂದರು.

"ಮತ್ತೆಂತದು?"

"ಟಿಟಿ ಟೇಬಲ್. ಬಿಳಿ ಗೆರೆ ನೋಡಿ. ನೀವು ದಿನಾ ಅದರ ಮೇಲೇ ಉಪ್ಪಿನಕಾಯಿ ಇಡ್ತೀರಿ."

ಹಿಂದೆ ಯಾವನೋ ಉತ್ಸಾಹಿ ಅಧಿಕಾರಿ ತರಿಸಿದ್ದಿರಬೇಕು. ವಾರದೊಳಗೆ ಗಂಟುಗಳೆಲ್ಲ ಕಪಾಟಿಗೆ ಹೋದವು. ನೆಟ್ ಸಿಗುವ ತನಕ ದಪ್ಪನೆಯ ರಿಜಿಸ್ಟರುಗಳನ್ನು ನಡುವೆ ಸಾಲಾಗಿ ನಿಲ್ಲಿಸಿದರು. ಐದೂವರೆಯಿಂದ ನನ್ನ ಬಸ್ಸಿನ ಹೊತ್ತಿನವರೆಗೆ ಅಲ್ಲಿ ಟಕ್ ಟಕ್ ಶುರುವಾಯಿತು.

ನಾನು ಕೇಳದ ಪ್ರಶ್ನೆ ಉಳಿದಿರಲಿಕ್ಕಿಲ್ಲ. ಬ್ಯಾಟಿನ ಒಂದು ಬದಿ ಕೆಂಪು, ಇನ್ನೊಂದು ಕಪ್ಪು ಯಾಕೆ? ಕಪ್ಪು ಬದಿಯಲ್ಲಿ ಹಾಗಲಕಾಯಿಯ ಹಾಗೆ ಮುಳ್ಳು ಮುಳ್ಳು ಯಾಕೆ? ಅವರು ಚೆಂಡನ್ನು ಒಂದೊಂದು ಬದಿಯಿಂದ ಹೊಡೆದು ತೋರಿಸಿದರು. ಕೆಂಪು ಬದಿಯಿಂದ ಬಂದ ಚೆಂಡು ಅಂದುಕೊಂಡ ಹಾಗೇ ಬಂತು. ಕಪ್ಪು ಬದಿಯಿಂದ ಬಂದದ್ದು ನನ್ನ ಮುಂದೆ ಪುಟಿದು, ಹೋಗಬೇಕೋ ಬೇಡವೋ ಎಂದು ಅನುಮಾನಿಸಿ ನಿಂತಿತು. ನಾನು ಗಾಳಿಗೆ ಹೊಡೆದೆ. "ಓಡಕ್ಕಾಗದೆ ಇದ್ದೋರು ಬೇರೆಯೋರನ್ನ ನಿಲ್ಸಬೇಕಲ್ಲ ಸರ್" ಎಂದರು. ಟೇಬಲ್ ಟೆನ್ನಿಸ್‌ಗೇ ಯಾಕೆ ಬಂದಿರಿ ಎಂದದ್ದಕ್ಕೆ, ಶಿವಮೊಗ್ಗದ ಹಾಸ್ಟೆಲಿನಲ್ಲಿ ಕ್ಯಾರಂ ಬೋರ್ಡಿನ ಸುತ್ತ ಯಾವಾಗಲೂ ಜನ, ಈ ಮೇಜು ಮಾತ್ರ ಖಾಲಿ ಇರುತ್ತಿತ್ತು ಎಂದರು. ನಾನು ಏನೋ ದೊಡ್ಡ ಕಥೆ ನಿರೀಕ್ಷಿಸಿದ್ದೆ.

ಒಂದು ಸಲ ಕಚೇರಿಯವರೆಲ್ಲ ಸೇರಿ ಇಕ್ಕೇರಿ, ವರದಮೂಲ ನೋಡಲು ಹೋಗಿದ್ದೆವು. ಇಕ್ಕೇರಿ ದೇವಸ್ಥಾನದ ಮೆಟ್ಟಿಲ ಹತ್ತಿರ ಮೇಡಂ ಬರುತ್ತಲೇ ನಾಲ್ಕು ಕೈಗಳು ಒಟ್ಟಿಗೆ ಮುಂದೆ ಬಂದವು. ಅವರು ಮೊದಲನೆಯ ಕೈಗೆ ತಮ್ಮ ಬ್ಯಾಗು, ಎರಡನೆಯದಕ್ಕೆ ಕೊಡೆ, ಮೂರನೆಯದಕ್ಕೆ ನೀರಿನ ಬಾಟಲಿ ಕೊಟ್ಟರು. ನಾಲ್ಕನೆಯದು ನನ್ನದು. ಅದಕ್ಕೆ ಚಪ್ಪಲಿ ಕೊಟ್ಟು, ಕಂಬ ಹಿಡಿದು ತಾವೇ ಹತ್ತಿದರು. ವರದಮೂಲದ ಕೊಳದ ಮೆಟ್ಟಿಲು ಪಾಚಿ ಕಟ್ಟಿತ್ತು. ಅಲ್ಲಿ ಅವರು ಇಳಿಯಲೇ ಇಲ್ಲ, ಮೇಲೆ ಕೂತು ಕಡಲೆಕಾಯಿ ಸುಲಿದರು. ಅದೇಕೆ ಎಂದು ಕೇಳಿದೆ. "ಎಲ್ಲಾ ಕಡೆ ಹತ್ತಿ ತೋರಿಸ್ಬೇಕು ಅಂತ ಹರಕೆ ಹೊತ್ತಿಲ್ಲ ಸರ್" ಎಂದರು.

ಇಂಥವರೊಂದಿಗೆ ನಾವು ಆಡುತ್ತಿದ್ದ ರೀತಿ ನೆನೆದರೆ ಈಗಲೂ ಮುಜುಗರವಾಗುತ್ತದೆ. ನಮ್ಮ ಸೀಮೆಯ ಜನಕ್ಕೆ ದಾಕ್ಷಿಣ್ಯ ಎಂಬುದೊಂದು ಹುಟ್ಟುಗುಣ. ಮನೆಗೆ ಬಂದವರು ಹಾಡಿದ್ದು ಅಪಸ್ವರವಾದರೂ ತಲೆದೂಗುತ್ತೇವೆ. ಮೇಡಂ ಎದುರು ಬ್ಯಾಟು ಹಿಡಿದ ಪ್ರತಿಯೊಬ್ಬನೂ, ಯಾರೂ ಯಾರಿಗೂ ಹೇಳಿಕೊಡದೆ, ಚೆಂಡನ್ನು ಅವರ ಬಲಗೈಗೇ ಹಾಕುತ್ತಿದ್ದ. ಎಡಕ್ಕೆ ಹಾಕಿದರೆ ಅವರು ಸೋತ ಕಾಲಿನ ಕಡೆಗೆ ವಾಲಬೇಕು; ಬಿದ್ದರೆ? ಅಪ್ಪಿತಪ್ಪಿ ಚೆಂಡು ಎಡಕ್ಕೆ ಹೋದಾಗ ಅವರು ಎಡಗೈಯನ್ನು ಮೇಜಿಗೆ ಊರಿ, ಬಗ್ಗಿ ಹೊಡೆಯುತ್ತಿದ್ದರು. ಬ್ಯಾಟು ಹಿಡಿಯದ ಕೈ ಮೇಜಿಗೆ ತಾಗಿದರೆ ಆ ಪಾಯಿಂಟ್ ಎದುರಾಳಿಗೆ ಹೋಗುತ್ತದೆ. ಈ ನಿಯಮ ನನಗೆ ಗೊತ್ತಿತ್ತು. ಇನ್ನೂ ಇಬ್ಬರಿಗೆ ಗೊತ್ತಿತ್ತು. ನಾವು ಮೂವರೂ ಕಂಡೂ ಕಾಣದ ಹಾಗಿದ್ದೆವು. ಒಂದು ಪಾಯಿಂಟಿಗೆ ಆ ಹೆಣ್ಣುಮಗಳ ಮನಸ್ಸು ನೋಯಿಸುವುದೇ? ಹೀಗೆ ಎರಡು ವರ್ಷ ನಡೆಯಿತು. ನಮ್ಮ ಕಚೇರಿಯಲ್ಲಿ ಅವರನ್ನು ಸೋಲಿಸಿದವರಿರಲಿಲ್ಲ.

ರಾಜ್ಯ ಮಟ್ಟದ ಪಂದ್ಯಕ್ಕೆ ಹೆಸರು ಕೊಟ್ಟಾಗ ಪದಕ ಬಂದೇ ಬರುತ್ತದೆ ಎಂದು ನಾವು ನಂಬಿದ್ದೆವು. ಜೊತೆಗೆ ಯಾರಾದರೂ ಬೇಕಿತ್ತು. ನೋಡುವ ಆಸೆಗೆ ನಾನು ಹೆಂಡತಿಯನ್ನೂ ಹೊರಡಿಸಿಕೊಂಡು ಬೆಂಗಳೂರಿಗೆ ಹೋದೆ. ಮೊದಲ ಪಂದ್ಯವೇ ಬಡಕಲು ಮೈಯ, ಬಲಗಾಲು ಗಿಡ್ಡವಿದ್ದ ಉತ್ತರ ಕರ್ನಾಟಕದ ಹುಡುಗಿಯ ಮೇಲೆ. ಆ ಹುಡುಗಿ ಮೇಡಂ ನಿಂತ ರೀತಿಯನ್ನು ಒಮ್ಮೆ ನೋಡಿದಳು. ಆಮೇಲೆ ಸರ್ವ್ ಮಾಡಿದ್ದೆಲ್ಲ ಎಡಕ್ಕೆ, ನೆಟ್ಟಿನ ಹತ್ತಿರ, ಗಿಡ್ಡ ಚೆಂಡು. ಮೇಡಂ ಎಡಗೈ ಊರಿ ಬಗ್ಗಿದರು. ಅಂಪೈರ್ ಕೈ ಎತ್ತಿ ಪಾಯಿಂಟನ್ನು ಅವಳಿಗೆ ಕೊಟ್ಟರು. ಮೇಡಂಗೆ ಯಾಕೆಂದು ತಿಳಿಯಲಿಲ್ಲ. ಮತ್ತೊಮ್ಮೆ ಹಾಗೇ ಆಯಿತು. ಅವರು ಅಂಪೈರ್ ಹತ್ತಿರ ಹೋಗಿ ಕೇಳಿ, ತಿರುಗಿ ನನ್ನ ಕಡೆ ನೋಡಿದರು. ನಾನು ನೆಲ ನೋಡುತ್ತಿದ್ದೆ. ಮೂರು ಗೇಮೂ ಹೋದವು.

ಮುಗಿದ ಮೇಲೆ ಆ ಹುಡುಗಿ ಕೈ ಕುಲುಕಿ, ನಿಜವಾದ ಆಶ್ಚರ್ಯದಿಂದ, "ಕೈ ಹಚ್ಚಬಾರದು ಅಂತ ನಿಮಗ ಯಾರೂ ಹೇಳಿಲ್ಲೇನ್ರಿ ಅಕ್ಕಾ?" ಎಂದು ಕೇಳಿದಳು.

ವಾಪಸ್ ಬರುವಾಗ ರೈಲಿನಲ್ಲಿ ನನ್ನ ಹೆಂಡತಿ, "ನಿಮಗೆ ಗೊತ್ತಿತ್ತಾ ಈ ವಿಷಯ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಗೊತ್ತಿತ್ತು ಎಂದೆ. "ಚೆಂದ ಆಯ್ತು" ಎಂದು ಮುಖ ತಿರುಗಿಸಿ ಕೂತಳು.

ಸೋಮವಾರ ಊಟದ ಹೊತ್ತಿಗೆ ಮೇಡಂ ಎಲ್ಲರ ಎದುರು ಎದ್ದು ನಿಂತರು. ಧ್ವನಿ ಏರಿಸಲಿಲ್ಲ. "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರಕ್ಕೆ ಜಾಗ ಇಲ್ಲ ಅಂತ ನಮ್ಮಮ್ಮ ಹೇಳ್ತಿದ್ರು. ನಿಮ್ಮೆಲ್ಲರ ದಾಕ್ಷಿಣ್ಯ ನಾನು ಬೆಂಗ್ಳೂರಲ್ಲಿ ಹೆತ್ತು ಬಂದೆ" ಎಂದರು. ಮದುವೆಯಾಗದ ಹೆಣ್ಣುಮಗಳ ಬಾಯಲ್ಲಿ ಈ ಗಾದೆ ಕೇಳಿ ನಮ್ಮ ಮ್ಯಾನೇಜರು ಮಜ್ಜಿಗೆ ಚೆಲ್ಲಿಕೊಂಡರು. ಮೇಡಂ ಮುಂದುವರಿಸಿ, ಮುಂದಿನ ವರ್ಷ ತಾನು ರಾಜ್ಯ ತಂಡಕ್ಕೆ ಹೋಗಬೇಕು, ಎಡಕ್ಕೆ ಹಾಕುವ ಧೈರ್ಯ ಇದ್ದವರು ಮಾತ್ರ ಇನ್ನು ಹಾಲಿಗೆ ಬರಬೇಕು, ಆಡುವಾಗ 'ಪಾಪ' ಎಂದವರ ಒಂದು ಪಾಯಿಂಟ್ ಹೋಗುತ್ತದೆ ಎಂದರು.

ಅಂದು ಸಂಜೆ ಹಾಲಿಗೆ ಯಾರೂ ಬರಲಿಲ್ಲ. ಎಲ್ಲರಿಗೂ ಸಿಟ್ಟು. ಒಳ್ಳೆಯದು ಮಾಡಿದ್ದಕ್ಕೆ ಇದಾ ಬಹುಮಾನ ಎಂದು ಗೊಣಗಿದರು. ನಾನು ಹೋದೆ. ಪಶ್ಚಾತ್ತಾಪದಿಂದ ಹೋದೆ ಎಂದರೆ ನನ್ನನ್ನು ಹೆಚ್ಚು ಹೊಗಳಿಕೊಂಡಂತಾದೀತು. ಇವರು ಇನ್ನೇನು ಮಾಡುತ್ತಾರೆ ನೋಡೋಣ ಎಂದು ಹೋದೆ.

ಅವರು ನಮ್ಮ ಸೀಲಿನ ಇಂಕ್ ಪ್ಯಾಡ್ ತರಿಸಿಟ್ಟುಕೊಂಡಿದ್ದರು. ಎಡ ಅಂಗೈಯನ್ನು ಅದಕ್ಕೆ ಒತ್ತಿ, ನೇರಳೆ ಬಣ್ಣದ ಕೈ ತೋರಿಸಿ, "ಶುರು ಮಾಡಿ. ಎಡಕ್ಕೆ" ಎಂದರು. ಮುಕ್ಕಾಲು ಗಂಟೆ ಆದ ಮೇಲೆ ಮೇಜು ನೋಡಿದರೆ ಹತ್ತೊಂಬತ್ತು ಅಂಗೈ ಗುರುತು. ಗೃಹಪ್ರವೇಶಕ್ಕೆ ಗೋಡೆಗೆ ಕೈ ಅಚ್ಚು ಹಾಕಿದ ಹಾಗಿತ್ತು. ಅಟೆಂಡರ್ ಸೀಮೆಎಣ್ಣೆ ಬಟ್ಟೆ ತಂದು ಒರೆಸುತ್ತ, "ಮೇಡಂ, ಸರ್ಕಾರಿ ಇಂಕು ಮುಗೀತದೆ ಮಾರ್ರೆ" ಎಂದ. "ಅದಕ್ಕೇ ಬೇಗ ಕಲೀತೀನಿ" ಎಂದರು.

ಎರಡನೇ ವಾರ ಅವರು ಬಿದ್ದರು. ನಾನು ಎಡಕ್ಕೆ ಹಾಕಿದ ಚೆಂಡಿಗೆ ವಾಲಿದವರು, ಕೈ ಊರದೆ, ಹಾಗೇ ನೆಲಕ್ಕೆ ಹೋದರು. ಕ್ಯಾಲಿಪರ್ ಸಿಮೆಂಟಿಗೆ ಬಡಿದ ಸದ್ದಿಗೆ ಪಕ್ಕದ ಕಚೇರಿಯವರು ಓಡಿ ಬಂದರು. ನನ್ನ ಬಾಯಿಂದ "ಅಯ್ಯೋ ಪಾಪ" ಹೊರಟೇ ಹೋಯಿತು. ನೆಲದ ಮೇಲಿಂದಲೇ, "ಒಂದು ಪಾಯಿಂಟ್ ಹೋಯ್ತು ನಿಮ್ದು" ಎಂದರು. ಮಾರನೆಯ ದಿನದಿಂದ ಹೊಸನಗರದಲ್ಲಿ ನನಗೆ ಮುಖ ತೋರಿಸಲಾಗದಂತಾಯಿತು. ಹೋಟೆಲಿನವನು ಕಾಫಿ ಲೋಟವನ್ನು ಟಪ್ಪೆಂದು ಇಟ್ಟು, "ಆ ಹೆಣ್ಣುಮಗಳನ್ನ ಬೀಳ್ಸಿದ್ರಂತೆ? ನಿಮ್ಗೆ ಮಕ್ಕಳಿಲ್ವಾ?" ಎಂದ. ಬಸ್ಸಿನ ಕಂಡಕ್ಟರಿಗೂ ಗೊತ್ತಾಗಿತ್ತು.

ಆದರೆ ಆ ತಿಂಗಳುಗಳಲ್ಲಿ ನಾನು ನೋಡಿದ್ದನ್ನು ಬೇರೆ ಯಾರೂ ನೋಡಲಿಲ್ಲ. ಅವರು ಚೆಂಡನ್ನು ಬಿಟ್ಟು ತಮ್ಮ ನಿಲುವನ್ನೇ ಅಭ್ಯಾಸ ಮಾಡತೊಡಗಿದರು. ಮೇಜಿನ ನಡುವೆ ನಿಲ್ಲುತ್ತಿದ್ದವರು ಒಂದು ಗೇಣು, ಮತ್ತೊಂದು ಗೇಣು ಎಡಕ್ಕೆ ಸರಿದು, ಭಾರವನ್ನೆಲ್ಲ ಬಲಗಾಲಿಗೆ ಹಾಕಿ, ಎಡಕ್ಕೆ ವಾಲುವ ಅಗತ್ಯವೇ ಬೀಳದ ಜಾಗ ಹುಡುಕಿದರು. ಅಲ್ಲಿ ನಿಂತರೆ ಬಲಗಡೆ ಖಾಲಿಯಾಗುತ್ತಿತ್ತು. ಅದಕ್ಕೆ ಒಂದು ಹೆಜ್ಜೆ, ಒಂದೇ ಹೆಜ್ಜೆ, ಬಲಗಾಲಿನಿಂದ ಕುಪ್ಪಳಿಸುವುದನ್ನು ಕಲಿತರು. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಆ ಒಂದು ಹೆಜ್ಜೆಯನ್ನು ಸಂಜೆಗೆ ಇನ್ನೂರು ಸಲ ಹಾಕುತ್ತಿದ್ದರು. ಅಂಗೈ ಗುರುತುಗಳು ಹತ್ತಾದವು, ಆರಾದವು. ಒಂದು ದಿನ ಒಂದೂ ಇರಲಿಲ್ಲ. ನಾನು ಮೇಜಿನ ಕೆಳಗೂ ಬಗ್ಗಿ ನೋಡಿದೆ. ಎರಡು ವಾರ ಹಾಗೇ ನಡೆದ ಮೇಲೆ ಇಂಕ್ ಪ್ಯಾಡ್ ಅಟೆಂಡರ್ ಮೇಜಿಗೆ ವಾಪಸ್ ಹೋಯಿತು.

ಆ ವರ್ಷದ ಪಂದ್ಯ ದೊಡ್ಡದು. ಗೆದ್ದವರು ರಾಷ್ಟ್ರೀಯ ಪಂದ್ಯಕ್ಕೆ ಹೋಗುತ್ತಾರೆ, ಅಲ್ಲಿ ಚೆನ್ನಾಗಿ ಆಡಿದವರನ್ನು ಹೊರದೇಶದ ಪಂದ್ಯಕ್ಕೆ ಆರಿಸುತ್ತಾರೆ ಎಂಬ ಸುದ್ದಿಯಿತ್ತು. ಮೇಡಂ ಯಾರಿಗೂ ಹೇಳದೆ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದರು. ಅದನ್ನು ನನಗೆ ಮಾತ್ರ ತೋರಿಸಿದರು. ಫೋಟೋದಲ್ಲಿ ಬೆದರಿದ ಮುಖ.

ಹೊರಡುವ ಹಿಂದಿನ ಸಂಜೆ ಕೊನೆಯ ಅಭ್ಯಾಸ. ಮೂರು ಗೇಮ್ ಆಡಿದೆವು. ನಾನು ಆಗಲೇ ತಕ್ಕ ಮಟ್ಟಿಗೆ ಆಟಗಾರನಾಗಿದ್ದೆ, ಎಡಕ್ಕೆ ಹಾಕುವುದರಲ್ಲಿ ನಿಷ್ಕರುಣಿಯೂ ಆಗಿದ್ದೆ. ಆದರೂ ಮೂರನೆಯ ಗೇಮ್ ಅವರು ಗೆದ್ದರು, ನನ್ನನ್ನು ನಿಜವಾಗಿ ಸೋಲಿಸಿ ಗೆದ್ದರು. ನನಗೆ ಕುಣಿಯುವಷ್ಟು ಸಂತೋಷ. ಆ ಗೇಮಿನಲ್ಲಿ, ಚೆಂಡು ತೀರಾ ಗಿಡ್ಡವಾಗಿ ಎಡಕ್ಕೆ ಬಿದ್ದಾಗ, ಅವರ ಎಡಗೈ ಬೆರಳ ತುದಿ ಎರಡು ಸಲ ಮೇಜಿಗೆ ತಾಗಿದ್ದನ್ನು ನಾನು ಕಂಡಿದ್ದೆ. ಅಂಗೈ ಊರಿದ್ದಲ್ಲ, ತುದಿ ಸವರಿದ್ದು ಅಷ್ಟೆ.

ಬ್ಯಾಟು ಚೀಲಕ್ಕೆ ಹಾಕುತ್ತ ಅವರು, "ಕೈ ಸರಿ ಇತ್ತಾ ಸರ್?" ಎಂದು ಕೇಳಿದರು.

ಬೆಳಗಾದರೆ ಹೊರಡುವವರಿಗೆ ಈಗ ಏನು ಹೇಳುವುದು? ಅಳುಕು ಹುಟ್ಟಿದರೆ? "ಫಸ್ಟ್ ಕ್ಲಾಸ್!" ಎಂದೆ.

ಆ ಸಲ ಅವರು ಎರಡು ಪಂದ್ಯ ಗೆದ್ದು, ಮೂರನೆಯದರಲ್ಲಿ ಅದೇ ಉತ್ತರ ಕರ್ನಾಟಕದ ಹುಡುಗಿಯ ಎದುರು ನಿಂತರು. ಗೆದ್ದವರಿಗೆ ತಂಡದಲ್ಲಿ ಜಾಗ. ನಾನು ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದೆ. ಎರಡೆರಡು ಗೇಮ್ ಸಮ. ಐದನೆಯದರಲ್ಲಿ ಒಂಬತ್ತು ಒಂಬತ್ತು. ಆ ಹುಡುಗಿ ಎಡಕ್ಕೆ ಗಿಡ್ಡ ಚೆಂಡು ಹಾಕಿದಳು. ಮೇಡಂ ಅದನ್ನು ಎತ್ತಿ, ಅವಳಿಗೆ ಸಿಗದ ಮೂಲೆಗೆ ಹಾಕಿದರು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಅಂಪೈರೂ ಕೈ ಎತ್ತಿದ್ದರು. ಬೆರಳ ತುದಿ ತಾಗಿತ್ತು. ಅದರ ಮುಂದಿನ ಪಾಯಿಂಟೂ ಹೋಯಿತು, ಪಂದ್ಯವೂ ಹೋಯಿತು.

ಆಮೇಲೆ ಅವರು ರಾಜ್ಯ ತಂಡಕ್ಕೆ ಬಂದರು, ಹಲವು ವರ್ಷ ಆಡಿದರು, ಒಮ್ಮೆ ರಾಷ್ಟ್ರೀಯ ಪಂದ್ಯದಲ್ಲಿ ಕಂಚಿನ ಪದಕ ತಂದರು. ಕಚೇರಿಯಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದೆವು. ಹೋಟೆಲಿನವನು ಆ ಹೊತ್ತಿಗೆ ನನ್ನನ್ನು ಕ್ಷಮಿಸಿದ್ದ. ಆದರೆ ಹೊರದೇಶದ ಅವಕಾಶ ಮತ್ತೆ ಬರಲಿಲ್ಲ. ಪಾಸ್‌ಪೋರ್ಟಿನ ಅವಧಿ ಒಂದೂ ಸೀಲು ಬೀಳದೆ ಮುಗಿಯಿತು. ಅವರು ತೀರ್ಥಹಳ್ಳಿಗೆ ವರ್ಗವಾದರು, ನಾನು ನಿವೃತ್ತನಾದೆ. ಆ "ಫಸ್ಟ್ ಕ್ಲಾಸ್" ನನ್ನ ಹೊಟ್ಟೆಯೊಳಗೇ ಉಳಿಯಿತು. ಎದುರಿಗೆ ಸಿಕ್ಕಾಗಲೆಲ್ಲ ಹೇಳಬೇಕೆಂದುಕೊಂಡು, ಮಳೆ ಬೆಳೆ ಮಾತಾಡಿ ಬರುತ್ತಿದ್ದೆ.

ಮೂರನೆಯ ದಿನ ಫೋನ್ ಮಾಡಿದೆ.

"ಸಾಗರದಿಂದ ನಿಮ್ಮ ಫೋನು ಯಾಕೆ ಇನ್ನೂ ಬರ್ಲಿಲ್ಲ ಅಂತಿದ್ದೆ" ಎಂದು ನಕ್ಕರು. ಯಾಕೆ ಬಿಟ್ಟಿರಿ ಎಂದೆ. ಬಲ ಭುಜ ಮೇಲೆ ಏಳುತ್ತಿಲ್ಲವಂತೆ, ಡಾಕ್ಟರು ಸಾಕು ಎಂದರಂತೆ. ಮುಂದೇನು ಎಂದೆ. ಅಂಪೈರ್ ಪರೀಕ್ಷೆ ಪಾಸಾಗಿದ್ದಾರಂತೆ. "ಈಗ ಬೇರೆಯೋರ ಎಡಗೈ ನೋಡೋದೇ ನನ್ನ ಕೆಲ್ಸ" ಎಂದರು. ಅಷ್ಟು ಸಲೀಸಾಗಿ ಎಡಗೈ ಮಾತು ಅವರೇ ಎತ್ತಿದಾಗ ನನಗೆ ತಡೆಯಲಾಗಲಿಲ್ಲ. ಆ ಕೊನೆಯ ಸಂಜೆಯ ವಿಷಯ ಹೇಳಿಬಿಟ್ಟೆ. ಕೈ ತಾಗಿದ್ದನ್ನು ಕಂಡಿದ್ದೆ, ಸುಳ್ಳು ಹೇಳಿದೆ, ಅದಕ್ಕೇ ನೀವು ಸೋತಿರಿ ಎಂದೆ. ಅಡುಗೆ ಮನೆಯಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.



"ತಾಗಿದ್ದು ನಂಗೂ ಗೊತ್ತಾಗಿತ್ತು ಸರ್" ಎಂದರು. "ಬೆರಳು ನಂದಲ್ವಾ? ನೀವು ತಾಗ್ತು ಅಂದಿದ್ರೆ ಇನ್ನೊಂದು ಗಂಟೆ ಇಂಕು ಹಚ್ಕಂಡು ಆಡಣ ಅಂತಿದ್ದೆ. ಅದಕ್ಕೇ ಕೇಳಿದ್ದು."

"ಮತ್ತೆ ನೀವೇ ಹೇಳ್ಬಹುದಿತ್ತಲ್ಲ ಮಾರಾಯ್ರೆ!"

"ಹೇಳಣ ಅಂತ್ಲೇ ಬಾಯಿ ತೆಗ್ದೆ. ನಿಮ್ಮ ಮುಖ ನೋಡ್ದೆ. ಅಷ್ಟು ಖುಷಿಯಾಗಿದ್ರಿ. ಒಂದು ವರ್ಷ ಊರೋರ ಹತ್ರೆಲ್ಲ ಬೈಸ್ಕಂಡಿದ್ರಿ ನನ್ನಿಂದ. ನಿಮ್ಮ ಬಸ್ಸಿಗೂ ಹೊತ್ತಾಗಿತ್ತು. ನಂಗೂ ದಾಕ್ಷಿಣ್ಯ ಆಗೋಯ್ತು ಸರ್. ನಾನೂ ಇದೇ ಸೀಮೆಯವಳಲ್ವಾ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ, ನೋಯಿಸಬಾರದೆಂದು ನಿಜ ಮುಚ್ಚಿಟ್ಟವನು ನಾನೊಬ್ಬನೇ ಎಂದುಕೊಂಡಿದ್ದೆ. ಅವರು ನನ್ನನ್ನು ನೋಯಿಸಬಾರದೆಂದು ಹೊರದೇಶದ ಪ್ರಯಾಣವನ್ನೇ ಬಿಟ್ಟುಕೊಟ್ಟಿದ್ದರು.

"ಹೋಗ್ಲಿ, ಈಗಾದ್ರೂ ಸರಿಯಾಗಿ ಹೇಳಿ" ಎಂದರು. "ಆವತ್ತು ಎಷ್ಟು ಸಲ ತಾಗಿತ್ತು?"

"ಎರಡು ಸಲ" ಎಂದೆ.

"ಮೂರು" ಎಂದರು ಅಂಪೈರ್ ಮೇಡಂ.